ಹದಿನೈದು ನಿಮಿಷ ಮಾತಾಡಬೇಡಿ

ಆಗಸ್ಟಿನ ಮೊದಲ ಶನಿವಾರ. ಪಕ್ಕದ ಮನೆಯ ಅಜ್ಜ ಹಿತ್ತಿಲ ಬೇಲಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾತಾಡಿಸಿದರೆ ತುಟಿಯ ಮೇಲೆ ಬೆರಳಿಟ್ಟು ಕೈಗಡಿಯಾರ ತೋರಿಸಿದರು. ಚಿಟ್ಟೆ ಎಣಿಸುತ್ತಿದ್ದರಂತೆ! ನಾನೀಗ ಇರುವ ಬ್ರಿಟನ್ನಿನಲ್ಲಿ 2010ರಿಂದ ಪ್ರತಿ ಬೇಸಿಗೆಯೂ ಇದು ನಡೆಯುತ್ತದೆ. ಜುಲೈ ಮಧ್ಯದಿಂದ ಸುಮಾರು ಮೂರು ವಾರ ಯಾರು ಬೇಕಾದರೂ ಬಿಸಿಲಿರುವ ಕಡೆ ಹದಿನೈದು ನಿಮಿಷ ಕೂತು, ಕಂಡ ಚಿಟ್ಟೆಗಳ ಲೆಕ್ಕ ಕಳುಹಿಸಬಹುದು.

ಗಡಿಯಾರ ನೋಡಿ ಮುಗಿಸಿದ ಮೇಲೆ ಅಜ್ಜ ಕೇಳಿದರು: "ನೀವು ಪಶ್ಚಿಮ ಘಟ್ಟದವರಲ್ಲವೇ? ನಿಮ್ಮ ಹಿತ್ತಿಲಿಗೆ ಯಾವ ಯಾವ ಚಿಟ್ಟೆ ಬರುತ್ತವೆ?"

ಇವರ ದೇಶದಲ್ಲಿ ಇರುವುದೇ ಸುಮಾರು 60 ಬಗೆ. ನಮ್ಮ ಘಟ್ಟದಲ್ಲಿ 330ಕ್ಕೂ ಹೆಚ್ಚು. ನನ್ನ ಬಾಯಿಗೆ ಬಂದ ಹೆಸರು ಒಂದೇ, ಪಾತರಗಿತ್ತಿ. ಅದೂ ಎಲ್ಲವಕ್ಕೂ ಸೇರಿಸಿ. ಕರ್ನಾಟಕಕ್ಕೊಂದು ರಾಜ್ಯ ಚಿಟ್ಟೆ ಇದೆ, ಅದು ಸದರ್ನ್ ಬರ್ಡ್‌ವಿಂಗ್ ಎಂಬುದನ್ನು ಆ ರಾತ್ರಿ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡೆ.

ಅವಮಾನಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಊರಿನ ಮೇಲೆ. ನಮ್ಮಲ್ಲಿ ಕಾಡು ನೋಡುವುದೆಂದರೆ ಜೀಪು ಹತ್ತಿ ಹುಲಿ ಹುಡುಕುವುದು. ಹುಲಿ ಕಾಣದಿದ್ದರೆ "ಏನೂ ಸಿಗಲಿಲ್ಲ" ಎಂದು ಮುಖ ಸಪ್ಪೆ ಮಾಡಿಕೊಂಡು ವಾಪಸಾಗುವುದು. ನಮ್ಮ ಬೇಸಿಗೆ ಮುಗಿಯುವ ಮೇ ಕೊನೆಯಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ ಮರದಿಂದ ಜೋತುಬಿದ್ದಿರುತ್ತದೆ, ರಾತ್ರಿ ಮಿಂಚುಹುಳುಗಳು ಇಡೀ ಮರವನ್ನೇ ಹೊತ್ತಿಸಿ ಆರಿಸುತ್ತಿರುತ್ತವೆ. ಮದುವೆ ಮುಂಜಿಗಳ ಓಡಾಟದ ನಡುವೆ ಅದನ್ನು ನೋಡಲೆಂದೇ ಚಪ್ಪಲಿ ಮೆಟ್ಟಿ ಹೊರಟ ದೊಡ್ಡವರೊಬ್ಬರನ್ನೂ ನಾನು ಕಾಣೆ. ಹೊರಟರೆ "ಮಾಡಲು ಕೆಲಸವಿಲ್ಲವೇ" ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಮರುದಿನ ನಾನೂ ಬೇಲಿಯ ಹತ್ತಿರ ಕೂತೆ. ಬಡ್ಲಿಯಾ ಎಂಬ ಹೂಗಿಡದ ನೇರಳೆ ತೆನೆಯ ಮೇಲೆ ಪೀಕಾಕ್ ಎಂಬ ಚಿಟ್ಟೆ ಕೂತಿತ್ತು. ರೆಕ್ಕೆ ಮಡಚಿದರೆ ಒಲೆಯಲ್ಲಿ ಸುಟ್ಟ ಕಾಗದದ ಚೂರು. ಬಿಡಿಸಿದರೆ ಇಟ್ಟಿಗೆಗೆಂಪಿನ ಮೇಲೆ ನಾಲ್ಕು ಕಣ್ಣು. ಇದರ ಹುಳುಗಳಿಗೆ ತುರಿಕೆ ಗಿಡದ ಎಲೆಯೇ ಊಟ. ಅದಕ್ಕೆಂದೇ ಅಜ್ಜ ಮೂಲೆಯಲ್ಲಿ ಒಂದು ಮಡಿಯಷ್ಟು ತುರಿಕೆ ಗಿಡ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಾಗಿದ್ದರೆ ಅಪ್ಪ ಅಂದೇ ಕತ್ತಿ ತರುತ್ತಿದ್ದರು.

ಮನಸ್ಸಿಲ್ಲದಿದ್ದರೂ ಒಂದೆರಡು ಮಾತು ಒಪ್ಪಿಕೊಳ್ಳಬೇಕು. ಇವರು ಇಷ್ಟು ಅಕ್ಕರೆಯಿಂದ ಎಣಿಸುವುದು ಎಣಿಸಲು ಉಳಿದಿರುವುದು ಕಡಿಮೆಯಾದ್ದರಿಂದಲೂ ಹೌದು. 2024ರಲ್ಲಿ ಒಂದು ಎಣಿಕೆಗೆ ಸಿಕ್ಕದ್ದು ಸರಾಸರಿ 7 ಚಿಟ್ಟೆ. ಶುರುವಾದಂದಿನಿಂದ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ.

ಇನ್ನೊಂದು, ಅಜ್ಜ ಕೊಟ್ಟ ಪುಸ್ತಕ ತಿರುವಿ ಹಾಕುವಾಗ ಹೊಳೆದದ್ದು. ಅದರಲ್ಲಿ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಹುಳುವಿನ ಚಿತ್ರವಿತ್ತು. ನಮ್ಮ ಕರಿಬೇವಿನ ಗಿಡದ ಹುಳ! ಮರಿಯಾಗಿದ್ದಾಗ ಥೇಟ್ ಹಕ್ಕಿಯ ಹಿಕ್ಕೆ, ಬೆಳೆದ ಮೇಲೆ ಎಲೆಹಸಿರು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಶಾಲೆಯಿಂದ ಬಂದವರೇ ಇದನ್ನೇ ಆಡುತ್ತಿದ್ದೆವು. ಹೆಸರೊಂದು ಗೊತ್ತಿರಲಿಲ್ಲ, ಅಷ್ಟೇ.

ಅಮ್ಮನಿಗೆ ಫೋನ್ ಮಾಡಿ ಹುಳ ಈಗಲೂ ಇವೆಯೇ ಎಂದು ಕೇಳಿದೆ. "ನಾಲ್ಕಿದ್ದವು, ಒಂದು ಗೂಡು ಕಟ್ಟಿಕೊಂಡಿತು. ತಿನ್ನಲಿ ಬಿಡು, ಇಬ್ಬರ ಒಗ್ಗರಣೆಗೆ ಎಷ್ಟು ಸೊಪ್ಪು ಬೇಕು?" ಎಂದಳು. ಅಜ್ಜನಿಗೆ ಇದನ್ನು ಹೇಳಿದಾಗ ಗೂಡು ಕಟ್ಟಿದ್ದು ಯಾವ ದಿನ ಎಂದು ಕೇಳಿದರು. ಮತ್ತೆ ಫೋನ್ ಮಾಡಬೇಕಾಯಿತು.

"ಏಕಾದಶಿಯ ಮಾರನೆಯ ದಿನ," ಎಂದಳು ಅಮ್ಮ, ಒಂದು ಕ್ಷಣವೂ ಯೋಚಿಸದೆ.