ಒಬ್ಬರೇ ಎತ್ತಬಹುದಂತೆ!

‘ಒಬ್ಬರೇ ಸಲೀಸಾಗಿ ದಿಮ್ಮಿ ಸಾಗಿಸಬಹುದು’ ಅಂತ ದಿಮ್ಮಿ ಸಾಗಿಸುವ ಸಲಕರಣೆಗಳ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಒಳಗಿನ ಚೀಟಿಯಲ್ಲಿ ಸಣ್ಣದಾಗಿ, ‘ಸುರಕ್ಷತೆಗೆ ಇನ್ನೊಬ್ಬರು ಹತ್ತಿರ ಇರಲಿ’ ಅಂತ. ಆ ಇನ್ನೊಬ್ಬರು ಎಂಥವರಾಗಿರಬೇಕು ಅನ್ನೋದು ಮಾತ್ರ ಎಲ್ಲೂ ಇಲ್ಲ. ನನ್ನ ತಕರಾರು ಅಲ್ಲೇ.

ನನಗೆ ಸಿಕ್ಕಿರುವ ಇನ್ನೊಬ್ಬರು ಪಕ್ಕದ ಮನೆಯವರು. ಗಾಳಿಗೆ ಬಿದ್ದ ಮರವನ್ನು ತುಂಡು ಮಾಡಿದಾಗಿನಿಂದ ಕೈ ಹಿಂದೆ ಕಟ್ಟಿಕೊಂಡು ಹಾಜರು. ಎರಡು ಮೀಟರ್ ಉದ್ದ, 30 ಸೆಂಟಿಮೀಟರ್ ದಪ್ಪದ ಹಸಿ ದಿಮ್ಮಿ ಹತ್ತಿರ ಹತ್ತಿರ 130 ಕಿಲೋ ತೂಗುತ್ತದೆ. ದಪ್ಪ ಎರಡರಷ್ಟಾದರೆ ತೂಕ ನಾಲ್ಕರಷ್ಟು. ಇಷ್ಟು ಕೇಳಿಯೂ ಅವರು, “ಸುಮ್ನೆ ತಳ್ಳಿ, ಹೋಗುತ್ತೆ” ಅಂದರು.

ತಳ್ಳೋ ಕಷ್ಟ ತಪ್ಪಿಸಲಿಕ್ಕೆಂದೇ ಕ್ಯಾಂಟ್ ಹುಕ್ ಇದೆ. ಉದ್ದನೆಯ ಹಿಡಿ, ಅದಕ್ಕೆ ಓಲಾಡುವ ಕೊಕ್ಕೆ. ಕೊಕ್ಕೆ ತೊಗಟೆ ಕಚ್ಚಿದ ಮೇಲೆ ಹಿಡಿ ಎಳೆದರೆ ಎಂಥ ದಿಮ್ಮಿಯೂ ಮಗ್ಗುಲು ಬದಲಿಸುತ್ತದೆ. ತುದಿಗೆ ಚೂಪಾದ ಮೊನೆ ಇದ್ದರೆ ಅದು ಪೀವಿ. 1850ರ ದಶಕದ ಕೊನೆಯಲ್ಲಿ ಅಮೆರಿಕದ ಮೇನ್ ರಾಜ್ಯದ ಕಮ್ಮಾರ ಜೋಸೆಫ್ ಪೀವಿ ಮಾಡಿದ್ದು. ಹೊಳೆಯಲ್ಲಿ ಸಿಕ್ಕಿಕೊಂಡ ದಿಮ್ಮಿಗಳ ಜೊತೆ ಜನ ಒದ್ದಾಡೋದನ್ನು ಸೇತುವೆ ಮೇಲಿಂದ ನೋಡಿ, ಹೋಗಿ ಇದನ್ನು ತಯಾರಿಸಿದ ಅಂತ ಕಥೆ. ನೋಡುತ್ತಾ ನಿಂತವರು ಹೀಗಿರಬೇಕು ಅಲ್ವಾ?

ನಮ್ಮವರು ಬರೀ ದಿಕ್ಕು ಹೇಳುತ್ತಾರೆ. “ಎಡಕ್ಕೆ, ಎಡಕ್ಕೆ!” ನನ್ನೆದುರಿಗೆ ನಿಂತವರು, ಆ ಎಡ ಯಾರದ್ದು? ನನ್ನ ಎಡಕ್ಕೆ ಹೊರಳಿಸಿದೆ. “ಅಯ್ಯೋ, ಆ ಎಡ ಅಲ್ಲ!” ವಾಪಸ್ ಹೊರಳಿಸಿದೆ. “ಅಷ್ಟೊಂದಲ್ಲ!” ದಿಮ್ಮಿ ಮೊದಲಿದ್ದ ಜಾಗಕ್ಕೇ ಬಂದು ಕೂತಿತು. “ಹಾಂ, ಈಗ ಸರಿ ಹೋಯ್ತು” ಅಂದರು. “ಹುಷಾರು” ಅನ್ನೋದನ್ನಂತೂ ದಿಮ್ಮಿ ಕಾಲ ಪಕ್ಕ ಉರುಳಿ ಹೋದ ಮೇಲೆಯೇ ಹೇಳುತ್ತಾರೆ. “ಒಂದು ಕೈ ಹಾಕ್ಲಾ?” ಅಂತ ಕೇಳುವಾಗಲೂ ಕೈ ಬೆನ್ನ ಹಿಂದಿಂದ ಈಚೆ ಬರೋದಿಲ್ಲ.

ದಿಮ್ಮಿ ಎಳೆಯುವ ಇಕ್ಕಳವನ್ನೂ ತಂದೆ. ಎಳೆದಷ್ಟೂ ಬಿಗಿಯಾಗಿ ಕಚ್ಚುತ್ತದೆ, ಚೆನ್ನಾಗಿದೆ. ಒಂದು ತುದಿ ಎತ್ತಿ ಹಿಡಿಯುವ ಎರಡು ಚಕ್ರದ ಗಾಡಿಯೂ ಒಳ್ಳೆಯದೇ. ನೆಲ ಮಟ್ಟಸವಾಗಿರಬೇಕು ಅಷ್ಟೇ. ಬರೀ ಹಗ್ಗದಿಂದಲೂ ಆಗುತ್ತದೆ: ಎರಡು ಹಲಗೆ ಓರೆಯಾಗಿಟ್ಟು, ಹಗ್ಗದ ಒಂದು ತುದಿಯನ್ನು ಮೇಲ್ಗಡೆ ಕಟ್ಟಿ, ಇನ್ನೊಂದನ್ನು ದಿಮ್ಮಿಯ ಅಡಿಯಿಂದ ಸುತ್ತಿ ಮೇಲಕ್ಕೆ ತಂದು ಎಳೆದರೆ ಅರ್ಧ ಬಲಕ್ಕೇ ಅದು ಉರುಳುತ್ತಾ ಹತ್ತುತ್ತದೆ. ಹಿಂದೆ ಉರುಳದಂತೆ ಕೆಳಗೆ ಬೆಣೆ ಕೊಡಬೇಕು. “ಬೆಣೆ ಯಾಕೆ, ನಾನಿದ್ದೀನಲ್ಲ” ಅಂದರು. ಬೆಣೆ ಎರಡು ಜಾಸ್ತಿ ಹಾಕಿದೆ.

ಒಮ್ಮೆ ಮಾತ್ರ ಸುಮ್ಮನಾದರು. ಕೊಯ್ದ ಮುಖದ ಮೇಲೆ ಬೆರಳಿಟ್ಟು ಉಂಗುರ ಎಣಿಸುತ್ತಿದ್ದರು. ಅರ್ಧಕ್ಕೇ ಬೆರಳು ನಿಂತಿತು. “ಇಲ್ಲಿಗೆ ಬಂದಾಗ ಇದು ಇಷ್ಟೇ ಇತ್ತು. ಇದರ ಕೆಳಗೇ ಕೂತು ಪೇಪರ್ ಓದುತ್ತಿದ್ದೆ” ಅಂದರು. ನಾನೂ ಹಗ್ಗ ಬಿಟ್ಟು ನಿಂತೆ.

ಆಮೇಲೆ ಅದೇ ದಿಮ್ಮಿಯ ಮೇಲೆ ಆರಾಮಾಗಿ ಕೂತರು. ಕೊನೆಯ ದಿಮ್ಮಿ ಅದು. ಕೊಕ್ಕೆ ಹಾಕಿ ಕಾಯುತ್ತಿದ್ದೇನೆ. ಕೂತಲ್ಲಿಂದಲೇ ಕೇಳುತ್ತಿದ್ದಾರೆ, “ಯಾಕೆ, ಅಲ್ಲಾಡ್ತಾ ಇಲ್ವಾ?”