ಕ್ಯಾಬ್ ಡ್ರೈವರ್‌ಗೆ ಮೊದಲೇ ಗೊತ್ತಿತ್ತು

ಬೆಳಗಿನ ಜಾವ ಮೂರು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿದ್ದೀರಾ? ನಡುರಸ್ತೆಯಲ್ಲೇ ನಾಯಿ ಆರಾಮಾಗಿ ಮಲಗಿರುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಅಮೆರಿಕ ಶಿಫ್ಟ್ ಮುಗಿಸಿ ಬರುವವರಿಗೆ ಮಾತ್ರ ಈ ಭಾಗ್ಯ. 2023ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಅಲ್ಲೇ ಗಾಡಿ ನಿಧಾನ ಮಾಡಿ ಡ್ರೈವರ್ ಕೇಳಿದರು: "ಸಾರ್, ಅಕ್ಟೋಬರ್‌ನಿಂದ ನಿಮ್ಮ ರೂಟೇ ಇಲ್ವಂತೆ? ಬೇರೆ ಕಂಪನಿಗೆ ಗಾಡಿ ಹಾಕ್ಕೊಳ್ಳಿ ಅಂದ್ರು ಟ್ರಾನ್ಸ್‌ಪೋರ್ಟ್ ಡೆಸ್ಕ್‌ನೋರು."

ನನಗೆ ಗೊತ್ತಿತ್ತು. ಅವರಿಗೂ ಗೊತ್ತಿದೆ ಅನ್ನೋದು ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಟೀಮಿನ ಇಬ್ಬರು ಕೂತಿದ್ದರು. ಒಬ್ಬ ಮೆಲ್ಲಗೆ ಇಯರ್‌ಫೋನ್ ತೆಗೆದ.

ನಮ್ಮ ಪ್ರೋಸೆಸ್, ಅಂದರೆ ಅಮೆರಿಕದ ಕ್ಲೈಂಟ್‌ಗೆ ನಾವು ಮಾಡಿಕೊಡುತ್ತಿದ್ದ ಬಿಲ್ಲುಗಳ ಕೆಲಸ, ಹುಬ್ಬಳ್ಳಿಗೆ ಹೋಗುತ್ತಿತ್ತು. ಕ್ಲೈಂಟ್ ರೇಟ್ ಇಳಿಸಿ ಎಂದಿದ್ದ. ಬೆಂಗಳೂರಿನ ಬಾಡಿಗೆ, ಕ್ಯಾಬ್, ಸಂಬಳ ಎಲ್ಲಾ ಸೇರಿ ಲೆಕ್ಕ ಕೂಡುತ್ತಿರಲಿಲ್ಲ. ಸರ್ಕಾರವೂ 'ಬಿಯಾಂಡ್ ಬೆಂಗಳೂರು' ಅಂತ ಹುಬ್ಬಳ್ಳಿ, ಮೈಸೂರು, ಮಂಗಳೂರಿನ ಕಡೆ ಕಂಪನಿಗಳನ್ನು ಕರೆಯುತ್ತಿತ್ತು. ನಿರ್ಧಾರ ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಎಲ್ಲವೂ ಬೆಂಗಳೂರಲ್ಲೇ ಯಾಕಿರಬೇಕು? ನನ್ನ ತಕರಾರು ಬೇರೆ.

ಟೀಮ್ ಲೀಡ್ ಆಗಿ ನನಗೆ ಮೂರು ವಾರ ಮೊದಲೇ ಹೇಳಿ, ಯಾರಿಗೂ ಬಾಯಿ ಬಿಡಬೇಡ ಎಂದು ಸಹಿ ಹಾಕಿಸಿಕೊಂಡಿದ್ದರು. ಕಾರಣವೂ ಇತ್ತು. ಕ್ಲೈಂಟ್ ಇನ್ನೂ ಸಹಿ ಹಾಕಿರಲಿಲ್ಲ. ಸುದ್ದಿ ಹೊರಗೆ ಬಿದ್ದರೆ ಜನ ಕೆಲಸ ಬಿಡುತ್ತಾರೆ, ಎಸ್‌ಎಲ್‌ಎ, ಅಂದರೆ ಇಷ್ಟು ಹೊತ್ತಲ್ಲಿ ಹೀಗೆ ಮಾಡಿಕೊಡುತ್ತೇವೆ ಅಂತ ಕ್ಲೈಂಟ್‌ಗೆ ಕೊಟ್ಟ ಮಾತು, ತಪ್ಪುತ್ತದೆ, ಪೆನಾಲ್ಟಿ ಬೀಳುತ್ತದೆ. ಕಾಗದದ ಮೇಲೆ ಸರಿ. ಆದರೆ ನೂರಾರು ಜನ ಕೂತಿರುವ ಫ್ಲೋರ್‌ನಲ್ಲಿ ಗುಟ್ಟು ಉಳಿಯುತ್ತದಾ? ಶಿಫ್ಟ್ ಪಟ್ಟಿ, ಅದೇ ರೋಸ್ಟರ್, ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಹೊಸ ಬ್ಯಾಚ್ ತೆಗೆದುಕೊಳ್ಳುವುದು ನಿಲ್ಲುತ್ತದೆ. ಹಾಳಾದ ಕುರ್ಚಿ ರಿಪೇರಿಗೆ ಹೋಗುವುದಿಲ್ಲ. ಇಷ್ಟು ಸಾಕು.

ಟೀಮಿನಲ್ಲಿ ನವಲಗುಂದ ಕಡೆಯ ಒಬ್ಬ ಹುಡುಗಿ ಇದ್ದಳು. ಆರು ವರ್ಷದಿಂದ ವೆಂಡರ್ ಬಿಲ್ಲುಗಳನ್ನು ನೋಡುತ್ತಿದ್ದಳು. ಕಾಫಿ ಮಷಿನ್ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು, "ಸರ್, ಏನರ ಐತೇನ್ರಿ?" ನಾನು ಕಪ್ ನೋಡುತ್ತಾ "ಏನಿಲ್ಲಮ್ಮ" ಎಂದೆ. ಎಂಟು ದಿನಕ್ಕೆ ರಾಜೀನಾಮೆ ಹಾಕಿದಳು. ಎಲ್ಲರನ್ನೂ ಕೂಡಿಸಿ ಸುದ್ದಿ ಹೇಳುವ ಟೌನ್‌ಹಾಲ್ ಮೀಟಿಂಗ್ ನಡೆದಾಗ ಅವಳು ನೋಟಿಸ್ ಪೀರಿಯಡ್‌ನಲ್ಲಿದ್ದಳು, ಹೊಸ ಕಡೆ ಆಫರ್‌ಗೆ ಸಹಿಯೂ ಆಗಿತ್ತು.

ಟೌನ್‌ಹಾಲ್‌ನಲ್ಲಿ ಒಂದು ಸ್ಲೈಡ್ ಬಂತು. 'ಬದಲಾವಣೆಗೆ ಜನರ ಪ್ರತಿರೋಧ ಸಹಜ' ಅಂತ. ಕೆಳಗೆ ಒಂದು ಗ್ರಾಫ್, ಮೊದಲು ಇಳಿದು ಆಮೇಲೆ ಏರುವ ಗೆರೆ. ನನಗೆ ನಗು ಬಂತು. ಯಾರಿಗೆ ಸ್ವಾಮಿ ಪ್ರತಿರೋಧ? ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರ ಮುಂದಕ್ಕೆ ತಿರುಗಿಸಿದರೆ ನಮ್ಮ ಕ್ಯಾಬ್ ಒಂದು ಗಂಟೆ ಮುಂಚೆ ಬರುತ್ತದೆ, ನವೆಂಬರ್‌ನಲ್ಲಿ ತಡವಾಗಿ. ನಮ್ಮ ಮನೆಯ ಊಟದ ಹೊತ್ತೂ ಅದರ ಜೊತೆಗೇ ಬದಲಾಗುತ್ತದೆ. ದೀಪಾವಳಿಗೆ ಕೆಲಸ, ಥ್ಯಾಂಕ್ಸ್‌ಗಿವಿಂಗ್‌ಗೆ ರಜೆ. ಕಾಲ್ ಸೆಂಟರ್‌ಗೆ ಸೇರಿದ ಹೊಸದರಲ್ಲಿ ನನ್ನ ಹೆಸರೇ ಬೇರೆ ಇತ್ತು!

2020ರ ಮಾರ್ಚ್ ನೆನಪಿಸಿಕೊಳ್ಳಿ. ಅಲ್ಲಿಯವರೆಗೆ ಕಾಲ್ ಸೆಂಟರ್‌ಗಳಿಗೆ ಟೆಲಿಕಾಂ ಇಲಾಖೆಯ 'ಅದರ್ ಸರ್ವಿಸ್ ಪ್ರೊವೈಡರ್' (ಓಎಸ್‌ಪಿ) ನಿಯಮಗಳಿದ್ದವು. ಮನೆಯಿಂದ ಕೆಲಸ ಮಾಡಿಸಬೇಕೆಂದರೆ ಅನುಮತಿ, ಠೇವಣಿ, ನೂರೆಂಟು ತಾಪತ್ರಯ. ಮಾರ್ಚ್ 13ಕ್ಕೆ ಇಲಾಖೆ ಅದನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಹನ್ನೆರಡು ದಿನಕ್ಕೆ ದೇಶವೇ ಲಾಕ್‌ಡೌನ್. ಆ ನಡುವೆ ನಮ್ಮ ಹುಡುಗರು ಡೆಸ್ಕ್‌ಟಾಪ್, ಮಾನಿಟರ್ ಎಲ್ಲಾ ಬೆಡ್‌ಶೀಟ್‌ನಲ್ಲಿ ಸುತ್ತಿ ಮನೆಗೆ ಒಯ್ದರು. ಒಬ್ಬ ಸಿಪಿಯುವನ್ನು ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದ. ಎರಡನೇ ವಾರದಲ್ಲಿ ಕೆಲಸ ಮಾಮೂಲಿನಂತೆ ನಡೆಯುತ್ತಿತ್ತು. ಆಗ ಯಾವ ಗ್ರಾಫೂ ಬೇಕಾಗಲಿಲ್ಲ. ಏನಾಗುತ್ತಿದೆ, ಯಾಕೆ ಅನ್ನೋದು ಮ್ಯಾನೇಜರ್‌ಗೆ ಎಷ್ಟು ಗೊತ್ತಿತ್ತೋ ಹುಡುಗರಿಗೂ ಅಷ್ಟೇ ಗೊತ್ತಿತ್ತು. ಆ ನವೆಂಬರ್‌ನಲ್ಲಿ ಸರ್ಕಾರ ಓಎಸ್‌ಪಿ ನಿಯಮಗಳನ್ನೇ ಹಗುರ ಮಾಡಿತು, ಅದು ಬೇರೆ ಮಾತು.

ಇನ್ನು ಕೆಟಿ, ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್. ಹೊರಗಿನವರಿಗೆ ಹೇಳುವುದಾದರೆ, ಇದ್ದವರು ಹೊಸಬರಿಗೆ ಕೆಲಸ ಕಲಿಸಿ ಕೈಗೊಪ್ಪಿಸುವುದು. ಮೊದಲು ಹೊಸಬರು ಪಕ್ಕದಲ್ಲಿ ಕೂತು ನೋಡುತ್ತಾರೆ. ಆಮೇಲೆ ಅವರು ಮಾಡುತ್ತಾರೆ, ಹಳಬರು ನೋಡುತ್ತಾರೆ. ಇದಕ್ಕೆ ರಿವರ್ಸ್ ಶ್ಯಾಡೋ ಅಂತ ಹೆಸರು. ನಮಗೆ ಆರು ವಾರ ಕೊಟ್ಟಿದ್ದರು. ಕೆಲಸವನ್ನು ಹಂತ ಹಂತವಾಗಿ ಬರೆದಿಟ್ಟ ಇಪ್ಪತ್ತೆರಡು ಪುಟದ ಎಸ್‌ಒಪಿ ಇತ್ತು, ಎಲ್ಲವನ್ನೂ ರೆಕಾರ್ಡ್ ಮಾಡಿದೆವು, ಟ್ರ್ಯಾಕರ್‌ನಲ್ಲಿ ಎಲ್ಲಾ ಸಾಲೂ ಹಸಿರು. ಆದರೆ ಬಿಟ್ಟು ಹೋಗುವವನು ಮನಸ್ಸಿಟ್ಟು ಹೇಳಿಕೊಡದಿದ್ದರೆ ಎಸ್‌ಒಪಿ ಬರೀ ಅಡುಗೆ ಪುಸ್ತಕ. ಹದ ಅದರಲ್ಲಿ ಇರುವುದಿಲ್ಲ. ಅವನು ಯಾಕೆ ಮನಸ್ಸಿಡಬೇಕು, ಅಲ್ವಾ? ಕೆಟಿ ಮುಗಿಯುವವರೆಗೆ ಉಳಿದರೆ ಬೋನಸ್ ಅಂತ ಘೋಷಿಸಿದ್ದರು. ದುಡ್ಡಿಗೆ ಜನ ಕುರ್ಚಿಯಲ್ಲಿ ಉಳಿದರು. ಬಾಯಿ ಬಿಟ್ಟು ಹೇಳಿಕೊಟ್ಟವರು ಕಮ್ಮಿ. ನವಲಗುಂದದ ಹುಡುಗಿಯಂತೂ ಕೆಟಿಯ ಎರಡನೇ ವಾರಕ್ಕೇ ಹೊರಟಿದ್ದಳು.

1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ, ಕಾರ್ಮಿಕರ ಕೆಲಸದ ಕೆಲವು ಷರತ್ತುಗಳನ್ನು ಬದಲಿಸುವ ಮುಂಚೆ 21 ದಿನದ ನೋಟಿಸ್ ಕೊಡಬೇಕು ಅಂತ ಇತ್ತು. ನಮ್ಮ ಉದ್ಯಮದಲ್ಲಿ ಈ ಮಾತು ಎತ್ತಿದರೆ 'ನಾವೆಲ್ಲಾ ಪ್ರೊಫೆಷನಲ್ಸ್, ಕಾರ್ಮಿಕರಲ್ಲ' ಎಂದು ನಾವೇ ಹೇಳಿಕೊಳ್ಳುತ್ತೇವೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ, ಅದರಲ್ಲಿ ಹೆಚ್ಚಿನವರು ಮಧ್ಯದ ಮತ್ತು ಮೇಲಿನ ಹಂತದವರು ಎಂದಾಗ, ನನ್ನ ವಾಟ್ಸಾಪ್ ಗ್ರೂಪಿನ ಪ್ರೊಫೆಷನಲ್ಸ್ ಎರಡು ದಿನ ಸುಮ್ನಿದ್ದರು. ಈಗ ಬಿಲ್ ಓದುವ ಕೆಲಸ ಸಾಫ್ಟ್‌ವೇರ್ ಮಾಡುತ್ತಿದೆ. ಹುಬ್ಬಳ್ಳಿಗೆ ಹೋದ ಕೆಲಸ ಅಲ್ಲಿಂದ ಸರ್ವರ್‌ಗೆ ಹೋಗಬಹುದು. ಆಗಲೂ ಡ್ರೈವರ್‌ಗಳೇ ಮೊದಲು ಹೇಳುವುದು ಬೇಡ.

ಸಹಿ ಬೀಳುವವರೆಗೆ ಕಾಯಬೇಕು, ಒಪ್ಪುತ್ತೇನೆ. ಆದರೆ 'ರೇಟ್ ಬಗ್ಗೆ ಮಾತುಕತೆ ನಡೆದಿದೆ, ಊರು ಬದಲಾಗಬಹುದು, ಇಂಥ ತಾರೀಖಿಗೆ ಖಚಿತ ಹೇಳುತ್ತೇವೆ' ಎನ್ನಲು ಏನು ತೊಂದರೆ? ಅದರ ಜೊತೆಗೆ ಇನ್ನೊಂದು ಪ್ರಶ್ನೆ: ಯಾರಿಗಾದರೂ ಹೋಗುವ ಮನಸ್ಸಿದೆಯಾ? ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹುಬ್ಬಳ್ಳಿಯಲ್ಲಿ ಕೆಲಸ ಶುರುವಾಗಿ ಎರಡನೇ ತಿಂಗಳಿಗೆ ಒಂದು ಬಿಲ್‌ಗೆ ಎರಡು ಸಲ ದುಡ್ಡು ಹೋಯಿತು. ಒಂದರ ಮೇಲೆ 4471-ಎ ಅಂತಿತ್ತು, ಇನ್ನೊಂದರ ಮೇಲೆ 4471ಎ. ನಡುವಿನ ಗೆರೆ ಇಲ್ಲದ್ದಕ್ಕೆ ಸಿಸ್ಟಮ್ ಎರಡೂ ಬೇರೆ ಬೇರೆ ಬಿಲ್ ಅಂದುಕೊಂಡಿತು. ಕ್ಲೈಂಟ್ ಕೂಗಾಡಿದ. ರಾತ್ರಿ ಹತ್ತಕ್ಕೆ ನಾನು ಆ ಹುಡುಗಿಗೆ ಫೋನ್ ಹಚ್ಚಿದೆ. ಅವಳೂ ಹೊಸ ಕಂಪನಿಯ ಶಿಫ್ಟ್‌ನಲ್ಲಿದ್ದಳು. ನಾನು ಪೂರ್ತಿ ಹೇಳುವ ಮೊದಲೇ ವೆಂಡರ್ ಹೆಸರು ಹೇಳಿದಳು.

"ನಿನಗೆ ಇದು ಗೊತ್ತಿತ್ತಾ?"

"ಪ್ರತಿ ತಿಂಗಳ ಹಂಗ ಕಳಸ್ತಾರ್ರಿ ಅವ್ರು. ನಾನ ಕಣ್ಣಾಗ ನೋಡಿ ತಡೀತಿದ್ದೆ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ ಅಂದಳು, "ಹುಬ್ಬಳ್ಳಿಗೆ ಅಂತ ಮೊದಲ ಹೇಳಿದ್ರ ಎಲ್ಲಾರಕಿಂತ ಮುಂಚೆ ನಾನ ಕೈ ಎತ್ತತಿದ್ದೆ ನೋಡ್ರಿ ಸರ್. ನಮ್ಮ ಮನಿಯಿಂದ ತಾಸಿನ ದಾರಿ."

ನನಗೆ ಉತ್ತರ ಹೊಳೆಯಲಿಲ್ಲ.

"ಪೆನ್ ಐತೇನ್ರಿ? ಹಿಂತಾವ ಇನ್ನೂ ನಾಕ್ ವೆಂಡರ್ ಅದಾರ. ಬರಕೊಳ್ರಿ."