ಫೇಲ್ ಮಾಡಿ ಸ್ವಾಮಿ, ಯಾಕೆ ಅಂತ ಬರೆದು ಕೊಡಿ

ಡ್ರೈವಿಂಗ್ ಲೈಸೆನ್ಸ್ (ಡಿಎಲ್) ಬೈಕ್ ಟೆಸ್ಟ್‌ನಲ್ಲಿ ಕಾಲು ನೆಲಕ್ಕೆ ತಾಗಿದರೆ ಫೇಲ್. ನಮ್ಮ ಮಂಡ್ಯ ಕಡೆ ಇದು ಹೈಸ್ಕೂಲ್ ಹುಡುಗರಿಗೂ ಗೊತ್ತು. ಆದರೆ ಎಷ್ಟು ಸಲ ತಾಗಿದರೆ? ಎಂಟು ಹಾಕುವಾಗ, ಅಂದರೆ 8ರ ಆಕಾರದಲ್ಲಿ ಗಾಡಿ ತಿರುಗಿಸುವಾಗ ತಾಗಿದರಾ, ಕೊನೆಗೆ ಗಾಡಿ ನಿಲ್ಲಿಸುವಾಗಲೂ ಲೆಕ್ಕಾನಾ? ಕೇಳಿ ನೋಡಿ. ಡ್ರೈವಿಂಗ್ ಸ್ಕೂಲಿನವರು ಒಂದು ಹೇಳುತ್ತಾರೆ. ಹೊರಗೆ ಮರದ ಕೆಳಗೆ ಫಾರಂ ತುಂಬಿಕೊಡುವವರು ಇನ್ನೊಂದು ಹೇಳುತ್ತಾರೆ. ಟೆಸ್ಟ್ ತೆಗೆದುಕೊಳ್ಳುವ ಇನ್‌ಸ್ಪೆಕ್ಟರ್ ಮಾತ್ರ ಏನೂ ಹೇಳುವುದಿಲ್ಲ. "ಮುಂದಿನ ವಾರ ಬನ್ನಿ" ಅನ್ನುತ್ತಾರೆ, ಮುಗಿಯಿತು.

ನಮ್ಮ ಅಕ್ಕನ ಮಗಳಿಗೆ ಮೊನ್ನೆ ಆಗಿದ್ದೂ ಇದೇ. ಅವಳು ಗಾಡಿ ಕಲಿತದ್ದು ಅಪ್ಪನ ಹಳೇ ಸ್ಪ್ಲೆಂಡರ್‌ನಲ್ಲಿ, ನಾಲೆ ಏರಿ ಮೇಲೆ. ಹಾಲಿನ ಡೈರಿಗೆ ಕ್ಯಾನ್ ಕಟ್ಟಿಕೊಂಡು ಹೋಗಿ ಬರುವಷ್ಟು ಚೆನ್ನಾಗಿ ಓಡಿಸುತ್ತಾಳೆ. ಸ್ಕೂಲಿಗೆ ದುಡ್ಡು ಯಾಕೆ ಅಂತ ತಾನೇ ಆನ್‌ಲೈನ್‌ನಲ್ಲಿ ಸ್ಲಾಟ್ ಬುಕ್ ಮಾಡಿಕೊಂಡಳು. ನಾನು ಜೊತೆಗೆ ಹೋಗಿದ್ದೆ. ಎಂಟು ಹಾಕಿದಳು, ಕಾಲು ಕೆಳಗಿಡಲಿಲ್ಲ, ಇಂಡಿಕೇಟರ್ ಹಾಕಿದಳು. ಫೇಲ್.

"ಏನು ತಪ್ಪಾಯ್ತು ಸಾರ್?" ಅಂತ ಕೇಳಿದಳು.

"ಇನ್ನೂ ಪ್ರಾಕ್ಟೀಸ್ ಮಾಡ್ಕೊಂಡು ಬಾಮ್ಮ."

"ಯಾವುದನ್ನ ಸಾರ್?"

ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿ ಆಗಿತ್ತು. ಅವಳಿಗಿಂತ ಮುಂಚೆ ಒಬ್ಬ ಹುಡುಗ ತಿರುವಿನಲ್ಲಿ ಕಾಲೂರಿ ಕಾಲೂರಿ ಹೋಗಿದ್ದ. ಅವನು ಪಾಸು. ಪಕ್ಕದಲ್ಲಿ ನಿಂತಿದ್ದ ಒಂದು ಸ್ಕೂಲಿನವರು ನನ್ನ ಮುಖ ನೋಡಿ, "ಸ್ಕೂಲ್ ಕಡೆಯಿಂದ ಬರ್ಬೇಕಿತ್ತು ಕಣಣ್ಣ. ನಮ್ ಹುಡುಗ್ರು ಅಂದ್ರೆ ಸಾಹೇಬ್ರಿಗೆ ಒಂದು ನಂಬಿಕೆ" ಅಂದರು. ಪಾಪ, ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಸಮಾಧಾನ ಮಾಡಲಿಕ್ಕೇ ಹೇಳಿದ್ದು.

ಇಲ್ಲಿ ಲಂಚದ ಕಥೆ ಶುರುವಾಗುತ್ತದೆ ಅಂದುಕೊಂಡವರಿಗೆ ನಿರಾಸೆಯಾಗಬಹುದು. ನಾನು ನೋಡದ್ದನ್ನು ಹೇಳುವುದಿಲ್ಲ. ಆ ಇನ್‌ಸ್ಪೆಕ್ಟರ್ ನೂರಕ್ಕೆ ನೂರು ಪ್ರಾಮಾಣಿಕರು ಅಂತಲೇ ಇಟ್ಟುಕೊಳ್ಳೋಣ. ನಮ್ಮ ಹುಡುಗಿ ತಿರುಗುವಾಗ ಕನ್ನಡಿ ನೋಡದೇ ಇದ್ದಿರಬಹುದು, ಅದು ಅವರ ಕಣ್ಣಿಗೆ ಬಿದ್ದಿರಬಹುದು. ಹಾಗಿದ್ದರೆ ಅದನ್ನು ಹೇಳಬಹುದಿತ್ತು ಅಲ್ವಾ? ಕಾರಣ ಬರೆದು ಕೊಡದ ಜಾಗದಲ್ಲಿ ಪ್ರಾಮಾಣಿಕ ಅಧಿಕಾರಿಗೂ ತಾನು ಪ್ರಾಮಾಣಿಕ ಅಂತ ತೋರಿಸುವ ದಾರಿ ಇಲ್ಲ. ಫೇಲ್ ಆದವರೆಲ್ಲ ಮನೆಗೆ ಹೋಗಿ ಹೇಳುವುದು ಒಂದೇ ಮಾತು: ದುಡ್ಡು ಕೊಟ್ಟಿಲ್ಲ, ಅದಕ್ಕೇ. ನಿಜವಾಗಿ ಓಡಿಸಲು ಬಾರದವನೂ ಇದನ್ನೇ ಹೇಳುತ್ತಾನೆ. ಯಾರ ಮಾತು ನಿಜ ಅಂತ ತೀರ್ಮಾನಿಸಲು ಒಂದು ಚೀಟಿಯೂ ಇಲ್ಲ.

ಎಸ್ಸೆಸ್ಸೆಲ್ಸಿ ಫೇಲಾದ ಮಗುವಿಗೂ ಯಾವ ವಿಷಯದಲ್ಲಿ ಎಷ್ಟು ಅಂತ ಅಂಕಪಟ್ಟಿ ಬರುತ್ತದೆ. ಅನುಮಾನ ಇದ್ದರೆ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು. ಡಿಎಲ್ ಟೆಸ್ಟ್‌ನಲ್ಲಿ ಇದೆಲ್ಲ ಎಲ್ಲಿದೆ?

ಹಾಗಂತ ಕಾನೂನಿನಲ್ಲಿ ಅಳತೆಯೇ ಇಲ್ಲ ಅಂತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೇ ನಿಯಮ ತೆಗೆದು ಓದಿ. ಟೆಸ್ಟ್‌ನಲ್ಲಿ ಏನೇನು ನೋಡಬೇಕು ಅಂತ ಉದ್ದದ ಪಟ್ಟಿಯೇ ಇದೆ. ಹೊರಡುವ ಮೊದಲು ಕನ್ನಡಿ ಸರಿ ಮಾಡಿಕೊಳ್ಳಬೇಕು. ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಮತ್ತೆ ಹೊರಡಬೇಕು. ಇಳಿಜಾರಿನಲ್ಲಿ ಬೇಗ ಕೆಳ ಗೇರಿಗೆ ಬರಬೇಕು. ಓವರ್‌ಟೇಕ್ ಮಾಡುವುದು, ಮಾಡಲು ಬಿಡುವುದು ಎರಡೂ ಬರಬೇಕು. ಜನ ದಾಟುವ ಜಾಗದಲ್ಲಿ ಸರಿಯಾಗಿ ನಡೆದುಕೊಳ್ಳಬೇಕು. ರಸ್ತೆಗೆ ತಕ್ಕ ಹಾಗೆ ಸ್ಪೀಡ್ ಇಟ್ಟುಕೊಳ್ಳಬೇಕು. ಓದಿದರೆ ಖುಷಿಯಾಗುತ್ತದೆ. ಬರೆದವರು ಗಾಡಿ ಓಡಿಸಿದವರೇ.

ಆಮೇಲೆ ನಮ್ಮ ಟೆಸ್ಟ್ ಮೈದಾನ ನೋಡಿ. ಬೈಕಿಗೆ ಒಂದು ಎಂಟು. ಕಾರಿಗೆ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ. ಏರು ಎಲ್ಲಿದೆ? ಜನ ದಾಟುವುದು ಎಲ್ಲಿ? ಪಟ್ಟಿಯಲ್ಲಿ ಇಷ್ಟಿದೆ, ಮೈದಾನದಲ್ಲಿ ಇರುವುದು ಅದರ ಕಾಲು ಭಾಗವೂ ಅಲ್ಲ. ಭಾನುವಾರ ಚಾಮುಂಡಿ ಬೆಟ್ಟದ ದಾರಿಯಲ್ಲಿ ಸಾಲು ನಿಂತಾಗ ಮುಂದಿನ ಕಾರು ಹಿಂದಕ್ಕೆ ಜಾರಿ ಬಂದು ನಿಮ್ಮ ಬಂಪರ್ ಮುಟ್ಟುತ್ತದಲ್ಲ, ಆ ಡ್ರೈವರ್ ಜೇಬಿನಲ್ಲೂ ಡಿಎಲ್ ಇದೆ.

ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ. ಅನ್ಯಾಯವಾಗಿ ಫೇಲಾದವಳಿಗೆ ಒಂದು ವಾರ, ಇನ್ನೊಂದು 300 ರೂಪಾಯಿ ಫೀಸು, ಅರ್ಧ ದಿನದ ಕೆಲಸ ಹೋಗುತ್ತದೆ. ಅನ್ಯಾಯವಾಗಿ ಪಾಸಾದವನಿಂದ ಹೋಗುವುದು ಬೇರೆಯವರ ಕೈಕಾಲು. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರ, ಕೆ.ಆರ್. ಪೇಟೆ ಕಡೆ ರಾತ್ರಿ ಗಾಡಿ ಓಡಿಸಿದವರಿಗೆ ನಾನು ಹೇಳಬೇಕಾಗಿಲ್ಲ. ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್, ಅಗಲಕ್ಕೆ ಚಾಚಿದ ಕಬ್ಬು, ಹಿಂದೆ ಒಂದು ಕೆಂಪು ದೀಪ ಇಲ್ಲ. ಎದುರಿಂದ ಹೈ ಬೀಮ್ ಹಾಕಿಕೊಂಡು ಬರುವವನು ಡಿಮ್ ಮಾಡಲ್ಲ. ಆಗ ಸ್ಪೀಡ್ ಇಳಿಸಬೇಕು ಅಂತ ಎಂಟು ಹಾಕಿಸಿದರೆ ಗೊತ್ತಾಗುತ್ತಾ? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು. ಕೇಂದ್ರ ಸರ್ಕಾರದ್ದೇ ಲೆಕ್ಕ ಇದು. ರಸ್ತೆ ಕೆಟ್ಟದ್ದು, ಹೆಲ್ಮೆಟ್ ಇಲ್ಲ, ಕುಡಿತ, ಕಾರಣ ನೂರು ಇರಬಹುದು. ಆದರೆ ರಸ್ತೆಗೆ ಇಳಿಯಲು ಹೆಚ್ಚಿನವರಿಗೆ ಇರುವ ಬಾಗಿಲು ಒಂದೇ, ಅದು ಈ ಟೆಸ್ಟ್.

"ಎಲ್ಲ ಆಟೋಮೇಟಿಕ್ ಮಾಡಿಬಿಡಿ, ಕ್ಯಾಮೆರಾ ಇಡಿ" ಅನ್ನುವವರು ಇದ್ದಾರೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಸೆನ್ಸರ್ ಇರುವ ಟ್ರ್ಯಾಕ್ ಬಂದು ಎಷ್ಟೋ ವರ್ಷ ಆಯಿತು. ಒಳ್ಳೆಯದೇ. ಕಂಬಕ್ಕೆ ತಗುಲಿಸಿದೆಯೋ ಇಲ್ಲವೋ ಅಂತ ವಾದ ಮಾಡುವ ಹಾಗಿಲ್ಲ, ಯಾರ ಕಡೆಯವನು ಅಂತ ಸೆನ್ಸರ್ ಕೇಳುವುದಿಲ್ಲ. ಆದರೆ ಸೆನ್ಸರ್‌ಗೆ ಗೊತ್ತಾಗುವುದು ಗಾಡಿ ಎಲ್ಲಿ ಹೋಯಿತು ಅನ್ನುವುದು ಮಾತ್ರ. ಓಡಿಸುವವನ ಕಣ್ಣು ಎಲ್ಲಿತ್ತು ಅನ್ನುವುದನ್ನು ಪಕ್ಕದಲ್ಲಿ ಕೂತ ಮನುಷ್ಯನೇ ನೋಡಬೇಕು.

ಇನ್ನೊಂದು ದಾರಿ 2021ರ ಜುಲೈ 1ರಿಂದ ಬಂದದ್ದು. ಸರ್ಕಾರ ಮಾನ್ಯತೆ ಕೊಟ್ಟ ಚಾಲಕ ತರಬೇತಿ ಕೇಂದ್ರದಲ್ಲಿ ಕಲಿತು ಪಾಸಾದರೆ ಆರ್‌ಟಿಓ ಟೆಸ್ಟ್ ಬೇಕಿಲ್ಲ. 2024ರಲ್ಲಿ "ಜೂನ್ 1ರಿಂದ ಯಾರಿಗೂ ಟೆಸ್ಟ್ ಇಲ್ಲ" ಅಂತ ವಾಟ್ಸಾಪ್‌ನಲ್ಲಿ ಓಡಾಡಿದ್ದು ಇದರದೇ ತಿರುಚಿದ ರೂಪ. ಹೊಸದಾಗಿ ಏನೂ ಬದಲಾಗಿಲ್ಲ ಅಂತ ಕೇಂದ್ರವೇ ಹೇಳಬೇಕಾಯಿತು. ನನಗಂತೂ ಈ ದಾರಿ ಅಷ್ಟಾಗಿ ಇಷ್ಟವಿಲ್ಲ. ಫೀಸು ತೆಗೆದುಕೊಂಡವರೇ ಪಾಸು ಮಾಡುವುದು ಯಾವ ನ್ಯಾಯ?

ಬ್ರಿಟನ್‌ನಲ್ಲಿ ಕಾರಿನ ಟೆಸ್ಟ್ ಸುಮಾರು 40 ನಿಮಿಷ, ನಿಜವಾದ ರಸ್ತೆಯಲ್ಲೇ. ಸಣ್ಣ ತಪ್ಪು 15ರವರೆಗೆ ನಡೆಯುತ್ತದೆ, ಗಂಭೀರ ತಪ್ಪು ಒಂದೇ ಒಂದಾದರೂ ಫೇಲ್. ಯಾವ ತಪ್ಪು ಅಂತ ಪರೀಕ್ಷಕರು ಹೇಳಿಯೇ ಕಳಿಸುತ್ತಾರೆ. ಅಲ್ಲೂ ಜನ ಗೊಣಗುತ್ತಾರೆ, ಈ ಸೆಂಟರ್ ಸುಲಭ ಆ ಸೆಂಟರ್ ಕಷ್ಟ ಅಂತ. ಆದರೆ ಅಲ್ಲಿ ಸೆಂಟರ್‌ವಾರು ಪಾಸಾದವರ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಇದೆ. ಗೊಣಗುವವನ ಕೈಯಲ್ಲಿ ಅಂಕಿ ಇರುತ್ತದೆ.

ನಮ್ಮಲ್ಲಿ ಮೋಟಾರು ವಾಹನ ಕಾಯಿದೆ ಏನು ಹೇಳುತ್ತದೆ ಅಂತ ನೋಡಿದೆ. ಟೆಸ್ಟ್ ಫೇಲಾದರೆ 7 ದಿನ ಬಿಟ್ಟು ಮತ್ತೆ ಬರಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು. 1988ರ ಅದೇ ಕಾಯಿದೆಯ 17ನೇ ಕಲಂ ಪ್ರಕಾರ ಡಿಎಲ್ ಕೊಡುವುದಿಲ್ಲ ಅಂದರೆ ಕಾರಣ ಬರೆದು ಕೊಡಬೇಕು, 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಡಿಎಲ್ ನಿರಾಕರಿಸಲು ಕಾರಣ ಬೇಕು ಅನ್ನುವ ಕಾನೂನು, 60 ದಿನ ಮನೆಯಲ್ಲಿ ಕೂರಿಸುವ ಫೇಲ್‌ಗೂ ಕಾರಣ ಬೇಡ ಅನ್ನಲಾರದು ಅಂತ ನನ್ನ ವಾದ.

"ಬೆಳಗ್ಗೆಯಿಂದ ಸಾಲು ನಿಂತಿರ್ತಾರೆ ಸ್ವಾಮಿ, ಒಬ್ಬೊಬ್ಬರಿಗೂ ಬರೀತಾ ಕೂತರೆ ಆಯ್ತು ಕಥೆ" ಅನ್ನುತ್ತಾರೆ ಇಲಾಖೆಯಲ್ಲಿರುವ ನನ್ನ ಗೆಳೆಯರೊಬ್ಬರು. ಅವರ ಕಷ್ಟ ಸುಳ್ಳಲ್ಲ. ಬಿಸಿಲಲ್ಲಿ ನಿಂತು ಸಾಲಾಗಿ ಎಂಟು ನೋಡುವುದು ಯಾರಿಗೆ ಬೇಕು? ಆದರೆ ನಾನು ಪ್ರಬಂಧ ಬರೆಯಿರಿ ಅಂತಿಲ್ಲ. 15ನೇ ನಿಯಮದ ಪಟ್ಟಿಯನ್ನೇ ಕನ್ನಡದಲ್ಲಿ ಅಚ್ಚು ಹಾಕಿಸಿ, ಎದುರಿಗೆ ಚೌಕ ಬಿಡಿ, ತಪ್ಪಾದ ಕಡೆ ಟಿಕ್ ಹಾಕಿ ಸಹಿ ಮಾಡಿ. ಪಾಸಾದವರಿಗೂ ಕೊಡಿ, ಫೇಲಾದವರಿಗೂ ಕೊಡಿ. ನೋಡದೇ ಇದ್ದ ಅಂಶದ ಎದುರು "ನೋಡಿಲ್ಲ" ಅಂತಲೇ ಬರೆಯಿರಿ. ಏರು ಇಲ್ಲದ ಮೈದಾನದಲ್ಲಿ ಏರಿನ ಟೆಸ್ಟ್ ಹೇಗೆ ಪಾಸಾಯಿತು ಅಂತ ಆಗಲಾದರೂ ಯಾರಾದರೂ ಕೇಳುತ್ತಾರೆ.

ನಮ್ಮ ಹುಡುಗಿ ಮುಂದಿನ ಸಲ ಹೋಗುವಾಗ ಕಾರಣ ಬರೆದು ಕೊಡಿ ಅಂತ ಒಂದು ಅರ್ಜಿ ಬರೆದುಕೊಂಡೇ ಹೋಗುತ್ತಾಳಂತೆ. "ಸಾಹೇಬ್ರ ಜೊತೆ ಜಗಳ ಯಾಕವ್ವಾ, ಸ್ಕೂಲಿಗೇ ಸೇರ್ಕೋ" ಅಂತ ಅವರಪ್ಪ. ಮನೆಯಲ್ಲಿ ವಾದ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಮೈಸೂರು, ಮಂಡ್ಯ, ಮದ್ದೂರು, ನಾಗಮಂಗಲ ಕಡೆಯವರು ಯಾರಿಗಾದರೂ ಟೆಸ್ಟ್ ಫೇಲಾದಾಗ ಕಾರಣ ಬರೆದು ಕೊಟ್ಟಿದ್ದರೆ ಅದರ ಫೋಟೋ ಇಲ್ಲಿ ಹಾಕಿ. ಹೆಸರು, ನಂಬರ್ ಮುಚ್ಚಿ ಹಾಕಿ.